ಹತ್ತು ನಿಮಿಷ ಐವತ್ತೆರಡು ಸೆಕೆಂಡು

ಲಿಂಗಸುಗೂರು
ಗುರುವಾರ, ೨೮ ನವೆಂಬರ್ ೧೯೯೧

ಬಸವಣ್ಣೆಮ್ಮ,

ಗಂಡ ಹೆಂಡತಿಗೆ ಬರೆಯುವಾಗ ಆಶೀರ್ವಾದ ಎಂದು ಸುರು ಮಾಡುವುದು ನಮ್ಮ ಮನೆಗಳ ರೂಢಿ. ಬರೆದೆ, ಓದಿ ನೋಡಿದೆ, ಹೊಡೆದುಹಾಕಿದೆ. ಏಳು ವರ್ಷ ಒಂದು ಕಾರ್ಡನ್ನೂ ಹಾಕದವನ ಆಶೀರ್ವಾದ ಯಾವ ಕೆಲಸಕ್ಕೆ ಬಂದೀತು. ನೀನು ಆರೋಗ್ಯವಾಗಿದ್ದೀ ಎಂಬುದನ್ನು ಭಾನುವಾರ ಕಣ್ಣಾರೆ ಕಂಡೆ. ಹಾಗಾಗಿ ಅದನ್ನೂ ಕೇಳುವುದಿಲ್ಲ.

ಈ ಕಾಗದ ಆ ಸ್ಪರ್ಧೆಯ ಬಗ್ಗೆ. ನಿಮ್ಮ ಗೊರೇಬಾಳದ ತಂಡ ಸಮಯ ಮೀರಿತೆಂದು ಹೊರಗಿಟ್ಟರು. ಆ ಸಮಯ ಹೇಳಿದವನು ನಾನು. ಇಷ್ಟು ನಿನಗೆ ಗೊತ್ತು. ಗೊತ್ತಿಲ್ಲದ್ದೂ ಒಂದಿದೆ. ಅಲ್ಲಿಗೆ ಬರುವಷ್ಟರಲ್ಲಿ ನನಗೆ ಎರಡು ಹಾಳೆ ಬೇಕಾಗುತ್ತದೆ. ನನ್ನ ಸ್ವಭಾವ ನಿನಗೆ ಹೊಸದಲ್ಲ, ತಾಳಿಕೋ.

ಕುಣಿತದ ಶಿಬಿರ ನಡೆಸುವವರು ನಮ್ಮ ಶಾಲೆಯ ಮೈದಾನ ಕೇಳಿದಾಗ ಹೆಡ್‌ಮಾಸ್ತರು ಮೈದಾನದ ಜೊತೆ ನನ್ನನ್ನೂ ಕೊಟ್ಟರು. ಡ್ರಿಲ್ ಮಾಸ್ತರನೆಂದರೆ ಸುಣ್ಣದ ಪುಡಿ, ಸೀಟಿ, ಸ್ಟಾಪ್‌ವಾಚು ಎಲ್ಲ ಸೇರಿದ ಒಂದು ಸಾಮಾನು. ಮಹಿಳಾ ಮಂಡಳಗಳ ಹೆಜ್ಜೆ ಕುಣಿತ, ಶನಿವಾರ ತರಬೇತಿ, ಭಾನುವಾರ ಸ್ಪರ್ಧೆ, ಗೆದ್ದ ಒಂದು ತಂಡಕ್ಕೆ ಡಿಸೆಂಬರಿನಲ್ಲಿ ರಾಯಚೂರು. ಆರು ತಂಡಗಳ ಪಟ್ಟಿ ನನ್ನ ಕೈಗೆ ಬಂತು. ಮೂರನೆಯದು ಗೊರೇಬಾಳ, ಸಾಲಿನ ಮುಂದಿನವರು ಬಸವಣ್ಣೆಮ್ಮ. ಹೆಸರಿನ ಹಿಂದೆ ಗಂಡನ ಹೆಸರಿರಲಿಲ್ಲ, ತಂದೆಯದೂ ಇರಲಿಲ್ಲ. ಬೇರೆ ಯಾರಿಗಾದರೂ ವಾಚು ಕೊಡಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಕೆಲಸ ಕೆಲಸವೇ ಎಂದು ಅಂದು ನನಗೆ ನಾನೇ ಹೇಳಿಕೊಂಡೆ.

ಶನಿವಾರ ಬೆಳಿಗ್ಗೆ ಮೈದಾನದಲ್ಲಿ ಸುಣ್ಣದ ಚೌಕ ಹಾಕುತ್ತಿದ್ದಾಗ ನಿಮ್ಮ ಟೆಂಪೊ ಬಂತು. ಹನ್ನೆರಡು ಮಂದಿ ಇಳಿದಿರಿ. ಎಲ್ಲರೂ ಹುಣಸೆ ಗಿಡದ ಕಡೆ ಹೋದರೆ ನೀನು ನೇರ ಗೆರೆಯವರೆಗೆ ಬಂದು, ದಾಟದೆ ನಿಂತು ಕೇಳಿದೆ.

"ಮಾಸ್ತರ, ಈ ಗೆರಿ ದಾಟಿದ್ರ ಏನಾಕೈತ್ರಿ?"

ಅಂಕ ಕಳೆಯುತ್ತಾರೆ ಎಂದೆ. ಎಷ್ಟು ಎಂದು ನೀನು ಕೇಳಿದೆ. ಎರಡು ಎಂದೆ. "ಆತ್ರಿ" ಎಂದು ನೀನು ತಿರುಗಿ ಹೋದೆ. ಅಷ್ಟು ವರ್ಷಗಳ ಮೇಲೆ ನಾವಿಬ್ಬರು ಆಡಿದ್ದು ಇಷ್ಟು. ಊರಿನವರೆಲ್ಲ ನನ್ನನ್ನು ಮಾಸ್ತರ ಎನ್ನುತ್ತಾರೆ, ಆದರೂ ನೀನು ಅಂದಾಗ ಕೈಯೊಳಗಿನ ಪುಡಿ ಒಂದೇ ಕಡೆ ಸುರಿದು ಗೆರೆ ದಪ್ಪವಾಯಿತು. ಅದನ್ನು ಕಾಲಿನಿಂದ ಸರಿ ಮಾಡಿದೆ.

ರಾಯಚೂರಿನಿಂದ ಬಂದ ತರಬೇತಿಯವರು ಕೆಟ್ಟ ಮನುಷ್ಯರಲ್ಲ. ನೋಡುವವರಿಗೆ ಮುಖ ಕಾಣಬೇಕು, ಸಾಲು ನೇರ ಇರಬೇಕು, ಬೆನ್ನು ತೋರಿಸಬಾರದು ಎಂದರು. ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಗಂಡಸರು ಬೆಂಕಿಯ ಗುಂಡಿಯ ಸುತ್ತ ಹಾಕುವ ಹೆಜ್ಜೆಯನ್ನು ನೋಡಿ ನೋಡಿ ಕಲಿತವರು ನೀವು. ಸುತ್ತು ಬಂದರೆ ಬೆನ್ನು ಕಾಣಲೇಬೇಕು. ನಿಮ್ಮ ಪಕೀರಮ್ಮ, ಸಾಲಿನ ಕೊನೆಗೆ ನಿಲ್ಲುವ ಆ ಮುದುಕಿ, ಸೆರಗು ಸೊಂಟಕ್ಕೆ ಸಿಗಿಸುತ್ತ ಹೇಳಿದ್ದು ನನ್ನ ಕಿವಿಗೂ ಬಿತ್ತು. "ಬೆನ್ನು ಕಂಡ್ರೇನಾತ್ರೀ ಸರ? ಬೆನ್ನೂ ನಮ್ದಾ ಐತಿ. ಭತ್ತ ಹಚ್ಚುವಾಗ ಮಂದಿ ನೋಡೂದು ಅದನ್ನ." ಅವರೂ ನಕ್ಕರು. ಆದರೆ ಬಿಡಲಿಲ್ಲ. ಕಡೆಯ ಸುತ್ತನ್ನು ತೆಗೆದುಹಾಕಿಸಿದರು.

ಕಡೆಯ ಸುತ್ತು ಎಂದರೆ ಏನೆಂದು ನನಗೆ ಆ ದಿನವೇ ತಿಳಿದದ್ದು. ಕುಣಿತ ಮುಗಿಯುವ ಹೊತ್ತಿಗೆ ಮುಂದಿನವಳು ಸಾಲನ್ನು ಬಿಟ್ಟು ಹಿಂದಕ್ಕೆ ಬಂದು, ಕೊನೆಯವಳ ಕೈ ಹಿಡಿದು ಮುಂದಕ್ಕೆ ಕರೆದುಕೊಂಡು ಹೋಗಬೇಕು. ಆಕೆ ಬಂದು ನಿಂತ ಮೇಲೆಯೇ ಹಲಗೆಯ ಬಡಿತ ನಿಲ್ಲುವುದು. ತರಬೇತಿಯವರು ಇದರಲ್ಲಿ ಒಂದು ನಿಮಿಷ ಹಾಳಾಗುತ್ತದೆ, ಹತ್ತು ನಿಮಿಷ ಮೀರಿದರೆ ತಂಡವೇ ಹೊರಗೆ, ಎಲ್ಲರೂ ನೇರ ನಿಂತು ಕೈ ಮುಗಿದುಬಿಡಿ ಎಂದರು. ನೀನು ತಲೆಯಾಡಿಸಿದೆ. ಆರು ಸಲ ಹಾಗೆಯೇ ಮುಗಿಸಿ ತೋರಿಸಿದಿರಿ. ನೇರ ಸಾಲು. ಇಪ್ಪತ್ತು ವರ್ಷದಿಂದ ಮಕ್ಕಳನ್ನು ನಾನು ನಿಲ್ಲಿಸುವ ಸಾಲಿನ ಹಾಗೆ.

ಭಾನುವಾರ ನಿಮ್ಮದು ಮಧ್ಯಾಹ್ನಕ್ಕೆ ಮುಂಚೆ ಬಂತು. ನನ್ನ ಕೆಲಸ ಇಷ್ಟೇ. ಹಲಗೆಯ ಮೊದಲ ಏಟಿಗೆ ವಾಚು ಒತ್ತುವುದು, ಒಂಬತ್ತು ನಿಮಿಷಕ್ಕೆ ಎಚ್ಚರಿಕೆಯ ಒಂದು ಸೀಟಿ, ಹತ್ತಕ್ಕೆ ಎರಡು, ಕುಣಿತ ನಿಂತ ಕೂಡಲೇ ವಾಚು ನಿಲ್ಲಿಸುವುದು. ಮೊದಲ ಏಟಿಗೆ ಒತ್ತಿದೆ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

ಹನ್ನೆರಡು ಜನ ಒಂದೇ ಕಾಲಿಟ್ಟಿರಿ. ನಾನು ಮಕ್ಕಳಿಗೆ ಎಡ, ಬಲ ಎಂದು ಕೂಗಿ ಕೂಗಿ ತರಿಸಲಾಗದ್ದನ್ನು ನೀನು ಒಂದು ಕರವಸ್ತ್ರ ತಿರುವಿ ತರಿಸಿದೆ. ಮುಗಿಯುವ ಹೊತ್ತಿಗೆ ಎಲ್ಲರೂ ನಿರ್ಣಾಯಕರ ಕುರ್ಚಿಗಳಿಗೆ ಮುಖ ಮಾಡಿ ನಿಲ್ಲಬೇಕಿತ್ತು. ಪಕೀರಮ್ಮ ಮೂರು ಹೆಜ್ಜೆ ಹಿಂದೆ ಉಳಿದಿದ್ದಳು. ಮೊಳಕಾಲು ಹಿಡಿದಿತ್ತೆಂದು ಕಾಣುತ್ತದೆ. ಆಕೆಯನ್ನು ಬಿಟ್ಟು ಕೈ ಮುಗಿದಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ನೀನು ತಿರುಗಿದೆ. ಕುರ್ಚಿಗಳಿಗೆ ಬೆನ್ನು ಮಾಡಿ, ಸಾಲಿನ ಉದ್ದಕ್ಕೂ ಹಿಂದೆ ಬಂದು, ಅಂಗೈ ಮೇಲೆ ಮಾಡಿ ಆಕೆಯ ಮುಂದೆ ಚಾಚಿದೆ. ಎಳೆಯಲಿಲ್ಲ. ನಿಂತಲ್ಲೇ ಹೆಜ್ಜೆ ಹಾಕುತ್ತ, ಆಕೆ ತಾನಾಗಿ ಕೈ ಇಡುವವರೆಗೆ ಕಾದೆ.

ಸೀಟಿ ನನ್ನ ಬಾಯಲ್ಲಿತ್ತು. ಊದಲಿಲ್ಲ.

ಮುಂದಿನದು ನಿನಗೂ ಗೊತ್ತು, ಆದರೂ ನಾನು ಕಂಡಂತೆ ಬರೆಯುತ್ತೇನೆ. ಮಂದಿ ಚಪ್ಪಾಳೆ ಹೊಡೆದರು. ನೀವು ಹುಣಸೆ ಗಿಡದ ನೆರಳಿಗೆ ಹೋಗಿ ನೀರು ಕುಡಿಯುತ್ತಿದ್ದಿರಿ. ಮಸ್ಕಿಯ ತಂಡವನ್ನು ಕರೆತಂದಿದ್ದ ಗೋಪಣ್ಣ ಕುರ್ಚಿಗಳ ಹಿಂದಿನಿಂದ ಸುತ್ತಿ ಬಂದು ಎಲ್ಲರಿಗೂ ಕೇಳುವಂತೆ ಮಾತು ತೆಗೆದ.

"ಸೀಟಿ ಎಲ್ಲಿ ಹೋತ್ರೀ ಮಾಸ್ತರ? ನಮ್ಮ ಹೆಣ್ಮಕ್ಕಳು ಕುಣಿವಾಗ ಒಂಬತ್ತಕ್ಕ ಕಿವಿ ಹರಿಯೂ ಹಂಗ ಊದಿದ್ರಿ. ಸ್ವಂತ ಮನಿಯವ್ರು ಬಂದ ಕೂಡ್ಲೆ ಉಸುರಾ ನಿಂತಿತೇನು?"

ಜನ ನಕ್ಕರು. ಇನ್ನೊಬ್ಬ, ಯಾರೋ ಗೊತ್ತಿಲ್ಲ, "ಹೋಗ್ಲಿ ಬಿಡೋ, ಏಳು ವರ್ಷಕ್ಕೊಮ್ಮಿ ನೋಡಾಕತ್ತಾರ" ಎಂದ. ಆಗ ಹಿರಿಯ ನಿರ್ಣಾಯಕರು ನನ್ನ ಕಡೆ ತಿರುಗಿ, ಟೈಮ್ ಎಷ್ಟಾತ್ರೀ ಎಂದು ಕೇಳಿದರು. ನಾನು ವಾಚು ನೋಡಿ ಹತ್ತು ನಿಮಿಷ ಐವತ್ತೆರಡು ಸೆಕೆಂಡು ಎಂದೆ. ಗಟ್ಟಿಯಾಗಿಯೇ ಹೇಳಿದೆ. ಗೋಪಣ್ಣ ಬಾಯಿ ಮುಚ್ಚಿದ. ಅಂಕಗಳಲ್ಲಿ ಮೊದಲಿದ್ದವರು ನೀವು ಎಂಬುದು ಆಮೇಲೆ ತಿಳಿಯಿತು. ಮಸ್ಕಿಗೆ ರಾಯಚೂರು ಆಯಿತು. ಡ್ರಿಲ್ ಮಾಸ್ತರ ಹೆಂಡತಿಯನ್ನೂ ಬಿಡಲಿಲ್ಲ, ನ್ಯಾಯದ ಮನುಷ್ಯ ಎಂದು ಇಬ್ಬರು ಬಂದು ಕೈ ಕುಲುಕಿದರು. ಕೈ ಕೊಟ್ಟೆ.

ನಮ್ಮ ಶಾಲೆಯ ಆಯಾ ಸಕೀನಾಬೀಯ ತಂಗಿ ನಿಮ್ಮ ಊರಲ್ಲಿರುವುದು ನಿನಗೆ ಗೊತ್ತಲ್ಲ. ಸಕೀನಾಬೀ ಮಂಗಳವಾರ ಅಲ್ಲಿಗೆ ಹೋಗಿ ಬಂದಳು. ನಿನ್ನೆ ಗಂಟೆ ಹೊಡೆಯುವ ಮುಂಚೆ ನನ್ನ ಎದುರು ನಿಂತು, ಕೇಳದಿದ್ದರೂ ಹೇಳಿದಳು.

"ಪಕೀರಮ್ಮ ಗೆಜ್ಜಿ ಬಿಚ್ಚಿ ನಿಮ್ಮನಿಯವ್ರ ಕೈಯಾಗ ಕೊಟ್ಟಾಳ್ರಿ. ನನ್ನ ಮೊಳಕಾಲಿನ ಸಲುವಾಗಿ ಹನ್ನೊಂದು ಮಂದಿ ಸೋತ್ರು, ಇನ್ನ ನಾ ಸಾಲಿಗೆ ಬರಂಗಿಲ್ಲ ಅಂದಾಳ. ಗದ್ದಿಗೂ ಒಬ್ಬಾಕೀನ ಹೊಂಟಾಳಂತ."

ನೀನು ಏನಂದೆ ಎಂದು ನಾನು ಆಕೆಯನ್ನು ಕೇಳಿದೆ.

"ನಿಮ್ಮ ಮ್ಯಾಲ ಒಂದ ಮಾತೂ ಆಡಲಿಲ್ರಿ. ಬೈದಿದ್ರ ಚೊಲೊ ಇತ್ತು."

ಈಗ ಬರೆಯಬೇಕಾದದ್ದನ್ನು ಬರೆಯುತ್ತೇನೆ. ನಿರ್ಣಾಯಕರು ಕೇಳಿದಾಗ ನಾನು ಕೆಳಗೆ ನೋಡಿದೆ, ವಾಚಿನ ಮುಳ್ಳು ಇನ್ನೂ ಓಡುತ್ತಿತ್ತು. ಕುಣಿತ ನಿಂತಾಗ ನಾನು ಅದನ್ನು ನಿಲ್ಲಿಸಿರಲಿಲ್ಲ. ಚಪ್ಪಾಳೆ, ನೀವು ಗಿಡದವರೆಗೆ ನಡೆದದ್ದು, ನೀರು ಕುಡಿದದ್ದು, ಗೋಪಣ್ಣ ಬಂದು ಅಂದದ್ದೆಲ್ಲ ಆ ಐವತ್ತೆರಡು ಸೆಕೆಂಡಿನೊಳಗೆ, ಅದರ ಹಿಂದಿನ ನಿಮಿಷದೊಳಗೂ, ಸೇರಿಕೊಂಡಿದೆ. ಆಗ ಒತ್ತಿ, ಮುಳ್ಳು ನಿಂತಲ್ಲಿದ್ದ ಅಂಕಿಯನ್ನು ಓದಿದೆ. ನೀವು ಎಷ್ಟು ಹೊತ್ತು ಕುಣಿದಿರೆಂದು ನನಗೆ ಗೊತ್ತಿಲ್ಲ. ಒಂಬತ್ತು ಇರಬಹುದು. ಹತ್ತಕ್ಕಿಂತ ಹೆಚ್ಚಲ್ಲ ಎಂದು ನನ್ನ ಮನಸ್ಸಿಗೆ ಚೆನ್ನಾಗಿ ಗೊತ್ತು.

ವಾಚು ಮರೆತೆ ಎಂದು ಅಲ್ಲೇ ಹೇಳಬಹುದಿತ್ತು. ಹೇಳಿದ್ದರೆ ಏಕೆ ಮರೆತೆ ಎಂದು ಕೇಳುತ್ತಿದ್ದರು. ಕೇಳುವುದೇ ಬೇಡ, ಗೋಪಣ್ಣ ಆಗಲೇ ಹೇಳಿಬಿಟ್ಟಿದ್ದ. ಅವನ ಮಾತು ಸುಳ್ಳಾಗಲಿ ಎಂದು ನಾನು ಅಂಕಿಯನ್ನು ಮುಂದೆ ಮಾಡಿದೆ. ನಿಮ್ಮ ತಂಡ ಸೋತದ್ದು ಮುದುಕಿಯ ಮೊಳಕಾಲಿನಿಂದಲ್ಲ. ಇಷ್ಟು ಜನರ ಮುಂದೆ ನಿನ್ನನ್ನು ನೋಡುತ್ತ ನಿಂತಿದ್ದೆ ಎಂದು ಒಪ್ಪಿಕೊಳ್ಳಲು ನನಗೆ ಆದ ನಾಚಿಕೆಯಿಂದ.

ಮತ್ತೊಂದು. ನಿನ್ನ ತಂದೆ ಹಾಸಿಗೆ ಹಿಡಿದಾಗ ನೀನು ತವರಿಗೆ ಹೋದೆ. ಅವರು ಎದ್ದು ಓಡಾಡುವಂತಾದ ಮೇಲೆ ನಮ್ಮ ಮನೆಯಿಂದ ಯಾರಾದರೂ ಕರೆಯಲು ಬರಬೇಕಿತ್ತು. ತಾಯಿ, ಅಕ್ಕ ಯಾರೂ ಇಲ್ಲದ ಮನೆ, ಬರಬೇಕಾದವನು ನಾನೊಬ್ಬನೇ. ಹೋಗಿ ತರಲು ಆಕೆಯೇನು ಗಂಟೋ ಮೂಟೆಯೋ, ಮನಸ್ಸಿದ್ದರೆ ಬರುತ್ತಾಳೆ, ಇಲ್ಲದಿದ್ದರೆ ಕರೆಯುವುದೂ ಬಲವಂತವೇ ಎಂದುಕೊಂಡೆ. ಪುಸ್ತಕ ಓದುವ ಚಟದವನಿಗೆ ಇದು ದೊಡ್ಡ ವಿಚಾರದಂತೆ ಕಂಡಿತು. ನಿನಗೆ ಕೊಡುವ ಮರ್ಯಾದೆ ಎಂದೇ ನಂಬಿದ್ದೆ. ಆ ವರ್ಷ ಸಕೀನಾಬೀಯ ಕೈಲಿ ನೀನು ಹೇಳಿ ಕಳಿಸಿದ್ದೆ. "ಕರಿಯಾಕ ಬರಲಿಲ್ಲ, ನಾ ಹ್ಯಾಂಗ ಬರ್ಲಿ?" ನಾನು ಅದನ್ನು ಹಮ್ಮು ಎಂದು ಕೇಳಿಸಿಕೊಂಡೆ. ಆಮೇಲೆ ಒಂದೊಂದು ವರ್ಷ ಕಳೆದಂತೆ ಹೋಗುವುದು ಇನ್ನಷ್ಟು ಕಷ್ಟವಾಯಿತು. ಭಾನುವಾರ ಮೈದಾನದಲ್ಲಿ ಎಳೆಯದೆ ಚಾಚಿ ಕಾದ ನಿನ್ನ ಕೈ ನೋಡಿದ ಮೇಲೆ ಈ ವಿಚಾರದಲ್ಲಿ ನನಗೆ ವಾದ ಮಾಡಲು ಏನೂ ಉಳಿದಿಲ್ಲ.

ನಿನ್ನೆ ಮಧ್ಯಾಹ್ನ ಶಿಬಿರದವರಿಗೆ ಅರ್ಜಿ ಬರೆದು ಕೊಟ್ಟೆ. ಕುಣಿತ ಮುಗಿದಾಗ ವಾಚು ನಿಲ್ಲಿಸಿರಲಿಲ್ಲ, ನಾನು ಹೇಳಿದ ಸಮಯ ತಪ್ಪು, ನನ್ನ ಗಮನ ಬೇರೆಡೆ ಇತ್ತು ಎಂದು. ಹೆಡ್‌ಮಾಸ್ತರು ಎರಡು ಸಲ ಓದಿ ಕನ್ನಡಕ ತೆಗೆದರು. "ಬೇಕೇನ್ರೀ ಇದು? ಎಲ್ಲಾ ಮುಗದೈತಿ. ಮಸ್ಕಿಯವ್ರು ಬಸ್‌ಸ್ಟ್ಯಾಂಡಿನ್ಯಾಗ ನಿಮ್ಮನ್ನ ಒಂದು ವರ್ಷ ಆಡಿಕೊಂತಾರ." ಆಡಿಕೊಳ್ಳಲಿ ಎಂದೆ. "ಬೇರೆಡೆ ಅಂದ್ರ ಎಲ್ಲಿ ಅಂತ ಕೇಳಿದ್ರ?" ಕೇಳಿದರೆ ಹೇಳುತ್ತೇನೆ ಎಂದೆ. ಅವರು ಕನ್ನಡಕ ಮತ್ತೆ ಏರಿಸಿ ಸಹಿ ಹಾಕಿದರು.

ಸೋಮವಾರ ಅವರ ಸಭೆ ಇದೆ. ಎರಡೂ ತಂಡಗಳನ್ನು ಮತ್ತೆ ಕುಣಿಸಬಹುದು, ಮುಗಿದದ್ದು ಮುಗಿಯಿತು ಎನ್ನಬಹುದು, ನನಗೆ ಗೊತ್ತಿಲ್ಲ. ಮತ್ತೆ ಕುಣಿಸಿದರೆ ವಾಚು ಬೇರೆಯವರ ಕೈಯಲ್ಲಿರುತ್ತದೆ. ಅರ್ಜಿಯ ನಕಲು ಇದರೊಂದಿಗಿದೆ. ಅದನ್ನು ಪಕೀರಮ್ಮನಿಗೆ ಓದಿ ಹೇಳು. ಎಲ್ಲರೂ ಕೂತಿರುವಾಗ ಓದಿದರೆ ಇನ್ನೂ ಒಳ್ಳೆಯದು. ಸಭೆಯವರು ಏನೇ ಹೇಳಲಿ, ತಪ್ಪು ಯಾರದೆಂದು ಆಕೆಗೆ ತಿಳಿಯಬೇಕು.

ಈ ಕಾಗದಕ್ಕೆ ಉತ್ತರ ಕೇಳುವ ಹಕ್ಕು ನನಗಿಲ್ಲ.

ಏನೆಂದು ಸಹಿ ಮಾಡಬೇಕೋ ತಿಳಿಯದೆ, ಬರೀ ಹೆಸರು,
ಮರಿಸ್ವಾಮಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಮತ್ತೆ ತೆಗೆದೆ. ನೀನು ಹೋದ ಮರುವರ್ಷ, ಎಂಬತ್ತೈದರ ಬೇಸಿಗೆ ರಜೆಯಲ್ಲಿ, ನಾನು ಒಮ್ಮೆ ಬಂದಿದ್ದೆ. ಸಿಂಧನೂರಿನಲ್ಲಿ ಬಸ್ಸು ಬದಲಿಸಿ ನಿಮ್ಮ ಊರ ಕ್ರಾಸಿನಲ್ಲಿ ಇಳಿದೆ. ಲಾಲಪ್ಪನ ಹೋಟೆಲಿನಲ್ಲಿ ಕೂತು ಒಂದು ಚಹಾ ಕುಡಿದೆ, ಇನ್ನೊಂದು ಕುಡಿದೆ. ಅಲ್ಲಿಂದ ನಿಮ್ಮ ಮನೆಯ ಮಾಳಿಗೆ ಕಾಣುತ್ತದೆ, ಮೇಲೆ ಯಾರೋ ಮೆಣಸಿನಕಾಯಿ ಹರವುತ್ತಿದ್ದರು. ನೀನೋ ಅಲ್ಲವೋ ತಿಳಿಯಲಿಲ್ಲ. ಅದೇ ಬಸ್ಸು ತಿರುಗಿ ಬಂದಾಗ ಹತ್ತಿದೆ. ಇದನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ. ಈ ಭಾನುವಾರ ಹತ್ತರ ಬಸ್ಸಿಗೆ ಬರುತ್ತೇನೆ, ಕರೆಯಲು. ಬರುವುದಿಲ್ಲ ಎನ್ನುವುದಿದ್ದರೆ ಬಾಗಿಲಲ್ಲಿ ನಿಂತು ಹೇಳು, ಕೇಳಿಸಿಕೊಂಡು ಹೋಗುತ್ತೇನೆ. ಕ್ರಾಸಿನಲ್ಲಿ ಚಹಾ ಕುಡಿಯುವುದಿಲ್ಲ.