ನೂರಾ ಹದಿಮೂರನೆಯ ಪುಟ

ಸಿಂದಗಿ
೩ ಮಾರ್ಚ್ ೧೯೬೦, ಗುರುವಾರ

ಮಧ್ಯಾಹ್ನದೊಳಗೆ ನಾಲ್ಕು ಕಾಗದ ಬರೆದುಕೊಟ್ಟೆ. ಎರಡು ಖರೀದಿಪತ್ರ, ಒಂದು ವಾಟ್ನಿಯ ಪಾಲುಪತ್ರ, ಒಂದು ವಾರಸಾ ಅರ್ಜಿ. ವಾಟ್ನಿಯ ಅಣ್ಣತಮ್ಮಂದಿರು ಬೇವಿನ ಗಿಡ ಯಾರಿಗೆ ಅಂತ ಕಚೇರಿ ಕಟ್ಟೆಯ ಮೇಲೇ ಜಗಳ ತೆಗೆದರು. ರಮಜಾನಿನ ರೋಜಾ ಉಪವಾಸ ಬೇರೆ, ಗಂಟಲು ಒಣಗಿತ್ತು. ಆದರೂ ಇಬ್ಬರಿಗೂ ಎರಡೆರಡು ಸಲ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿದೆ. ಹದಿನೆಂಟು ವರ್ಷದ ಈ ಕಸುಬಿನಲ್ಲಿ ಖಾಲಿ ಸ್ಟಾಂಪ್ ಕಾಗದದ ಮೇಲೆ ಯಾರ ಹೆಬ್ಬೆಟ್ಟನ್ನೂ ತೆಗೆದುಕೊಂಡಿಲ್ಲ.

ಎರಡಕ್ಕೆ ಪಕ್ಷದ ತಾಲೂಕು ಸಮಿತಿ ಸಭೆ. ಹತ್ತಿ ಅಂಗಡಿಯ ಮೇಲಿನ ಅಟ್ಟ. ಹದಿನೈದು ಸದಸ್ಯರು. ಕಾರ್ಯದರ್ಶಿ ನಾನು, ಆ ಹದಿನೈದರ ಹೊರಗೆ; ಮತವೂ ಇಲ್ಲ, ಸಹಿಯೂ ಇಲ್ಲ. ಕುರ್ಚಿ ಒಂದೇ. ಅಧ್ಯಕ್ಷರಾದ ಅನಂತರಾವ ವಕೀಲರು ಬರುವ ಮೊದಲೇ ಉಪಾಧ್ಯಕ್ಷ ಸಿದ್ದರಾಯ — ಅಡತಿ ವ್ಯಾಪಾರಿ — ಅದರಲ್ಲಿ ಕೂತಿದ್ದ. ಏಳಲಿಲ್ಲ. ವಕೀಲರು ನಿಂತೇ ಅಧ್ಯಕ್ಷತೆ ವಹಿಸಿದರು.

ತಾಲೂಕು ಬೋರ್ಡಿನ ಚುನಾವಣೆಗೆ ಟಿಕೆಟ್ಟು ಕಳೆದ ತಿಂಗಳೇ ತೀರ್ಮಾನವಾಗಿದೆ. ಸಮಿತಿ ಸದಸ್ಯೆ, ಗೋಲಗೇರಿಯ ರೇವವ್ವನಿಗೆ. ಒಂಬತ್ತು–ಆರು. ಸೋತದ್ದು ಸಿದ್ದರಾಯನ ಅಳಿಯ. ಇವತ್ತು ಸಿದ್ದರಾಯ ಮತ್ತೆ ಅದೇ ತೆಗೆದ.

"ರೇವಕ್ಕ, ನಿನ್ನ ನಿಲ್ಲಿಸಿದ್ರ ಭಾಷಣ ಯಾರ ಮಾಡೋರು?"

"ನಿನ್ನ ಅಳ್ಯಾನ ಮಾಡ್ಲಿ ಬಿಡಪಾ. ಹ್ವಾದ ಸರತೆ ಮಾಡಿದ್ನಲ್ಲ, ಕಟ್ಟಿ ಮ್ಯಾಲ ಮಲಗಿದ್ದ ನಾಯಿ ಸುದ್ದಾ ಎದ್ದ ಹೋತು."

ಸಿದ್ದರಾಯನ ಕಡೆಯವರೂ ನಕ್ಕರು. ಅವನೊಬ್ಬ ನಗಲಿಲ್ಲ.

ಮೂರೂವರೆಯ ಮೋಟಾರು ಬಸ್ಸಿಗೆ ರೇವವ್ವ ಎದ್ದರು. ಬಂದೊಡನೆ ಸಹಿ ಮಾಡಿ ಮುಗಿಸಿದ್ದರು. ಎಲ್ಲರೂ ಹಾಗೆಯೇ: ಒಳಗೆ ಬಂದವರು ಮೊದಲು ಠರಾವಿನ ಪುಸ್ತಕದ ಎರಡು ಖಾಲಿ ಪುಟಗಳ ಬುಡದಲ್ಲಿ ಸಹಿ ಹಾಕುತ್ತಾರೆ. ಸಭೆ ಮುಗಿದ ಮೇಲೆ, ಪುರಸೊತ್ತಾದಾಗ, ಮೇಲೆ ಠರಾವು ಬರೆಯುವವನು ನಾನು. ಹಳ್ಳಿಯವರಿಗೆ ಮೋಟಾರು ತಪ್ಪಬಾರದೆಂದು ಆರು ವರ್ಷದ ಹಿಂದೆ ನಾನೇ ಹಾಕಿದ ಪದ್ಧತಿ.

ನಲವತ್ತೆರಡರ ಚಳವಳಿಯಲ್ಲಿ ಗಂಡ ಜೈಲಿನಲ್ಲಿ ತೀರಿಕೊಂಡ ಮೇಲೆ ಗೋಲಗೇರಿಯಲ್ಲಿ ಪಕ್ಷ ಅಂದರೆ ರೇವವ್ವನೇ. ಹೆಬ್ಬೆಟ್ಟು ಒತ್ತುತ್ತಿದ್ದರು. ಕಳೆದ ಮಳೆಗಾಲದಲ್ಲಿ ಪಾಟಿಯ ಮೇಲೆ ಸಹಿ ಕಲಿಸಿದೆ. ಮೂರು ಅಕ್ಷರ, ಮೂರು ತಿಂಗಳು. ಈಗ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ದೊಡ್ಡದಾಗಿ ಅವರದೇ ಸಹಿ.

೫ ಮಾರ್ಚ್, ಶನಿವಾರ

ಸಿದ್ದರಾಯನ ದಿವಾಣಜಿ, ಅಡತಿಯ ಲೆಕ್ಕ ಬರೆಯುವ ಬಂದೇನವಾಜ, ಕಟ್ಟೆಗೆ ಬಂದ. "ಮುನಶಿಯವರ, ಸಾವಕಾರ್ರು ಹಳೇ ಠರಾವು ನೋಡ್ತಾರಂತ್ರಿ. ಎರಡ ದಿನ ಪುಸ್ತಕ ಕೊಡ್ರಿ."

ಮೂರನೇ ತಾರೀಖಿನದು ಬರೆಯುವುದು ಉಳಿದಿತ್ತು. ಆದರೂ ಉಪಾಧ್ಯಕ್ಷರಿಗೆ ಇಲ್ಲ ಅನ್ನುವಂತಿಲ್ಲ. ಕೊಟ್ಟೆ. ಪಾವತಿ ಬರೆಸಿಕೊಂಡೆ: 'ಪುಟ ೧ರಿಂದ ೧೧೧ ಬರೆದದ್ದು. ೧೧೨ ಮತ್ತು ೧೧೩ರಲ್ಲಿ ಸಹಿ ಮಾತ್ರ.' ಬಂದೇನವಾಜ ಓದದೆ ರುಜು ಹಾಕಿದ.

೯ ಮಾರ್ಚ್, ಬುಧವಾರ

ಪುಸ್ತಕ ಬಂದಿಲ್ಲ.

ವಾಚನಾಲಯದಿಂದ ತಂದ ರಷ್ಯನ್ ಕಾದಂಬರಿ, ಪುಟ ೮೮. ಭಾಷಾಂತರಕಾರರು ಇಲ್ಲಿ ಕೆಲವು ಸಾಲು ನುಂಗಿದ್ದಾರೆ. ಒಳಗೆ ಬಂದು ಬಾಗಿಲು ಹಾಕಿಕೊಂಡವನು ಮುಂದಿನ ವಾಕ್ಯದಲ್ಲಿ ಹಿಮದಲ್ಲಿ ನಿಂತಿದ್ದಾನೆ. ಪೆನ್ಸಿಲಿನಿಂದ ಗುರುತು ಹಾಕಿದೆ. ನನ್ನ ಹೆಂಡತಿ ಜೋಹರಾಬಿ ನೋಡಿ, "ಮಂದಿ ಪುಸ್ತಕದಾಗಿನ ತಪ್ಪ ಹುಡಕ್ತೀರಿ. ನಿಮ್ಮ ಪುಸ್ತಕ ಎಲ್ಲೈತಿ ಅದನ್ನ ಹುಡಕ್ರಿ ಮೊದಲ" ಅಂದಳು.

೧೨ ಮಾರ್ಚ್, ಶನಿವಾರ

ಪುಸ್ತಕ ಬಂತು.

ಪುಟ ೧೧೨. ನೇರಳೆ ಮಸಿ, ಬಂದೇನವಾಜನ ಕೈಬರಹ. '೩-೩-೧೯೬೦ರ ಸಭೆಯಲ್ಲಿ ಶ್ರೀಮತಿ ರೇವವ್ವ ಇವರು ತಮ್ಮ ಸ್ವಂತ ಇಚ್ಛೆಯಿಂದ ಉಮೇದುವಾರಿಕೆಯನ್ನು ಬಿಟ್ಟುಕೊಟ್ಟಿದ್ದು…' ಟಿಕೆಟ್ಟು ಅಳಿಯನಿಗೆ. 'ಸರ್ವಾನುಮತದಿಂದ.'

ಸರ್ವಾನುಮತ! ಕೆಳಗೆ ಹದಿನೈದೂ ಸಹಿ. ಎಲ್ಲಕ್ಕಿಂತ ಮೊದಲು, ದೊಡ್ಡದಾಗಿ — ರೇವವ್ವ.

ನಕಲು ಆಗಲೇ ವಿಜಾಪುರಕ್ಕೆ, ಜಿಲ್ಲಾ ಸಮಿತಿಗೆ ಹೋಗಿದೆಯಂತೆ.

ಬಂದೇನವಾಜನ ಪಾವತಿ ಹುಡುಕಿ ಬೀಗದ ಪೆಟ್ಟಿಗೆಯಲ್ಲಿಟ್ಟೆ.

೧೬ ಮಾರ್ಚ್, ಬುಧವಾರ

ಸಿದ್ದರಾಯನ ಅಡತಿ ಅಂಗಡಿಗೆ ಹೋದೆ. ಜೋಳದ ಚೀಲಗಳ ನಡುವೆ ಲೋಡುದಿಂಬಿಗೆ ಒರಗಿ ಕೂತಿದ್ದ. ಪುಸ್ತಕ ತೆರೆದು ಮುಂದಿಟ್ಟೆ.

"ಬರ್ರಿ ಸಾಬರ. ರೋಜಾ ಅದೀರಿ, ಇಲ್ಲಾಂದ್ರ ಚಾ ಹೇಳತಿದ್ದೆ."

"ಈ ಠರಾವು ಆಗಿಲ್ಲ."

"ಸಹಿ ಸುಳ್ಳೇನು?"

"ಸಹಿ ಖರೆ. ಮ್ಯಾಲಿಂದು ಸುಳ್ಳು."

ನಕ್ಕ. "ಆರ ವರ್ಷ ಸಹಿ ನಾವ ಮಾಡಿದ್ವಿ, ಮ್ಯಾಲ ನೀವ ಬರದ್ರಿ. ಏನ ಬರದ್ರಿ ಅಂತ ಒಂದ ದಿನಾರ ಕೇಳೇವೇನು? ನೂರಾ ಹನ್ನೊಂದ ಪುಟ ನಿಮ್ಮವು. ಒಂದ ಪುಟ ನಂದು. ಇಷ್ಟಕ್ಯಾಕ ಸಿಟ್ಟ?"

ಪುಸ್ತಕ ಮುಚ್ಚಿ ಬಗಲಿಗಿಟ್ಟುಕೊಂಡೆ. ಎದ್ದು ಬಂದೆ. ದಾರಿಯುದ್ದಕ್ಕೂ ಉತ್ತರಗಳು ಬಂದವು. ಒಂದೂ ಸರಿಯಾದದ್ದಲ್ಲ. ನಾನು ಬರೆದದ್ದೆಲ್ಲ ನಿಜವಾಗಿ ಆದದ್ದೇ — ಅಕ್ಷರ ಅಕ್ಷರ. ಆದರೆ ಅದಕ್ಕೆ ಸಾಕ್ಷಿ ಯಾರು? ನಾನೇ. ಕಳ್ಳನ ಬಾಯಿಂದ ಇಂಥ ಮಾತು ಕೇಳಬೇಕಾಯಿತಲ್ಲ. ಅದೂ ತಪ್ಪಿಲ್ಲದ ಮಾತು.

೧೮ ಮಾರ್ಚ್, ಶುಕ್ರವಾರ

ನಮಾಜು ಮುಗಿಸಿ ಬರುವಾಗ ಅನಂತರಾವ ವಕೀಲರು ಮನೆಗೆ ಕರೆಸಿದರು. ಇವರಿಗಾದರೂ ಸಂಕಟವಾಗಿದೆ ಅಂದುಕೊಂಡಿದ್ದೆ. ಮುಖ ಗೆಲುವಾಗಿತ್ತು.

"ಶಮಶುದ್ದೀನ, ಇನ್ನೊಂದು ಪುಟ ಖಾಲಿ ಉಳದದ ಅಲ್ಲ?"

"ನೂರಾ ಹದಿಮೂರು."

"ಅದರ ಮ್ಯಾಲೆ ಬರೀರಿ. ಪಕ್ಷದ್ರೋಹಕ್ಕಾಗಿ ಸಿದ್ದರಾಯನ್ನ ಸಮಿತಿಯಿಂದ ತಗದದ್ದು. ತಾರೀಖು ಅದೇ ಹಾಕ್ರಿ, ಮೂರು. ಅವನ ಸಹೀನೂ ಅದ ಅಲ್ಲ ಕೆಳಗ!" ತೊಡೆ ತಟ್ಟಿಕೊಂಡು ನಕ್ಕರು. "ನಿಮ್ಮ ಅಕ್ಷರ ಅಂದ್ರ ಜಿಲ್ಲಾದವರು ಕಣ್ಣು ಮುಚ್ಚಿ ನಂಬ್ತಾರ."

"ಮತ್ತೆ ರೇವವ್ವನ ಟಿಕೆಟ್ಟು?"

ಅಡಕೆ ಕತ್ತರಿಸುತ್ತ ಕೂತರು. "ಆಕಿ ಹೆಸರು ಈಗ ಕೆಟ್ಟದ. ಆಮ್ಯಾಲೆ ನೋಡೋಣು. ನಮ್ಮ ತಮ್ಮನ ಮಗ ಗೋವಿಂದನೂ ಇದ್ದಾನ…"

ಕಾನೂನು ಓದಿದ ಮನುಷ್ಯ! ಫೆಬ್ರವರಿಯಲ್ಲಿ ಇವರು ಕೈ ಎತ್ತಿದ್ದು ರೇವವ್ವನಿಗಲ್ಲ, ಸಿದ್ದರಾಯನ ವಿರುದ್ಧ. ಒಂಬತ್ತು ಕೈಗಳಲ್ಲಿ ನಿಜವಾಗಿ ಆ ಹೆಣ್ಣುಮಗಳಿಗೆ ಎತ್ತಿದವು ಎಷ್ಟು?

ಯೋಚಿಸಿ ಹೇಳುತ್ತೇನೆ ಅಂದೆ. ಅಲ್ಲೇ ಆಗುವುದಿಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ನನಗೂ ನಾಚಿಕೆಯಾಗಬೇಕು.

೨೧ ಮಾರ್ಚ್, ಸೋಮವಾರ

ಹೇಳಿ ಕಳಿಸಿದ್ದೆ. ಹನ್ನೊಂದರ ಮೋಟಾರಿಗೆ ರೇವವ್ವ ಬಂದರು. ಕಟ್ಟೆಯ ಮೇಲೆ ಎದುರಿಗೆ ಕೂತರು. ಪುಟ ತೆರೆದೆ.

ಬೆರಳು ನೇರ ತಮ್ಮ ಹೆಸರಿಗೆ ಹೋಯಿತು. "ಇದು ನಂದ ಹೌದಲ್ರಿ ಮುನಶಿಯವರ?"

"ಹೌದು."

"ಮ್ಯಾಲೇನ ಬರದೈತಿ?"

ಓದಿದೆ. ಒಂದೇ ಸಲ ಓದಿದೆ. ಎರಡನೆಯ ಸಲ ಓದುವ ಧೈರ್ಯ ಬರಲಿಲ್ಲ. ಅವರ ಬೆರಳು ಹೆಸರಿನ ಮೇಲೇ ಇತ್ತು.

"ಹೆಬ್ಬಟ್ಟ ಒತ್ತತಿದ್ದಾಗ, ಹ್ವಾದ ಸಭಾದ್ದು ಏನ ಬರದೀರಿ ಓದಿ ಹೇಳ್ರಿ ಅಂತ ಪ್ರತಿ ಸರತೆ ಕೇಳತಿದ್ದೆ. ನೀವ ಬ್ಯಾಸರ ಮಾಡ್ಕೊಳ್ಳತಿದ್ರಿ. ಸಹಿ ಬಂದ ಮ್ಯಾಲ ಕೇಳೂದ ಬಿಟ್ಟೆ. ಸಹಿ ಬಂತಂದ್ರ ಶ್ಯಾಣ್ಯಾಕಿ ಆದೆ ಅಂದ್ಕೊಂಡೆ ನೋಡ್ರಿ."

ಹದಿನೈದು ಜನರಲ್ಲಿ ಓದಿಸಿ ಕೇಳುತ್ತಿದ್ದವರು ಅವರೊಬ್ಬರೇ. ಅದನ್ನು ಬಿಡಿಸಿದವನು ನಾನು.

ಇದ್ದದ್ದು ಇದ್ದ ಹಾಗೆ ಹೇಳಿದೆ. ಶನಿವಾರ ವಿಜಾಪುರದಿಂದ ಜಿಲ್ಲಾ ಸಮಿತಿಯ ನಿರೀಕ್ಷಕರು ಈ ಠರಾವಿನ ವಿಚಾರಣೆಗೆ ಬರುತ್ತಾರೆ. ಖಾಲಿ ಪುಟದ ಮೇಲೆ ಸಹಿ ತೆಗೆದುಕೊಂಡದ್ದೆಂದು ನಾನು ಒಪ್ಪಿದರೆ ಸಿದ್ದರಾಯನ ಠರಾವು ಬೀಳುತ್ತದೆ. ಆದರೆ ನಿಮಗೆ ಟಿಕೆಟ್ಟು ಕೊಟ್ಟ ಫೆಬ್ರವರಿಯ ಠರಾವಿನ ಸಹಿಗಳೂ ಹೀಗೇ ಆದದ್ದು. ಅದೂ ಬೀಳುತ್ತದೆ.

"ನಿಮಗೇನ ಆಗತೈತಿ?"

"ಖಾಲಿ ಕಾಗದಕ್ಕ ಸಹಿ ತಗೊಳ್ಳಾವನ ಹತ್ರ ಯಾರ ಬರ್ತಾರ್ರಿ ಖರೀದಿಪತ್ರ ಬರಸಾಕ?"

ಸೆರಗು ಸರಿಮಾಡಿಕೊಂಡು ಎದ್ದರು. "ನನ್ನ ಟಿಕೆಟ್ಟ ಹೋದ್ರ ಹೋಗ್ಲಿ. ನಾ ಬಿಟ್ಟುಕೊಟ್ಟೆ ಅಂತ ಬರದಾರಲ್ಲ — ಅದ ಇರಬಾರದು ನೋಡ್ರಿ. ನಾ ಏನೂ ಬಿಟ್ಟುಕೊಟ್ಟಿಲ್ಲ."

೨೬ ಮಾರ್ಚ್, ಶನಿವಾರ. ಸಂಜೆ ಐದು

ಇಡೀ ಸಮಿತಿ ಸೇರಿದ್ದ ಪ್ರವಾಸಿ ಬಂಗಲೆಯಿಂದ ಈಗ ಬಂದೆ. ಕ್ರಮವಾಗಿ ಬರೆಯಬೇಕು. ಸಿಟ್ಟಿನಲ್ಲಿ ಕ್ರಮ ತಪ್ಪುತ್ತದೆ.

ಹೋಗುವ ಮೊದಲು, ಬೆಳಿಗ್ಗೆ, ನೂರಾ ಹದಿಮೂರನೆಯ ಪುಟದ ಮೇಲೆ ಬರೆದೆ. 'ಕೆಳಗಿನ ಹದಿನೈದು ಸಹಿಗಳನ್ನು ಈ ಪುಟ ಖಾಲಿಯಿದ್ದಾಗ ನಾನು ತೆಗೆದುಕೊಂಡೆ. ೧೧೨ನೆಯ ಪುಟದವುಗಳನ್ನೂ ಹಾಗೆಯೇ. ಹಿಂದಿನ ಎಲ್ಲ ಪುಟಗಳಲ್ಲೂ ಹಾಗೆಯೇ. ಪದ್ಧತಿ ನನ್ನದು, ತಪ್ಪು ನನ್ನದು. ರೇವವ್ವ ಇವರು ಉಮೇದುವಾರಿಕೆ ಬಿಟ್ಟುಕೊಟ್ಟ ಮಾತು ಆ ಸಭೆಯಲ್ಲಿ ಬಂದಿಲ್ಲ.' ಬಂದೇನವಾಜನ ಪಾವತಿ ಅಂಟಿಸಿದೆ. ಸಹಿ ಮಾಡಿದೆ. ಈ ಸಲ ಬರೆದ ಮೇಲೆ.

ನಿರೀಕ್ಷಕರು ಎರಡು ಸಲ ಓದಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು. ಆರು ವರ್ಷದ್ದೆಲ್ಲ ಸಂಶಯಾಸ್ಪದ ಅಂದರು. ಸಿದ್ದರಾಯ, ವಕೀಲರು, ಇಬ್ಬರನ್ನೂ ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಇಪ್ಪತ್ತು ನಿಮಿಷ. ಚಹಾ ಒಳಗೆ ಹೋಯಿತು. ನಗುವ ಸಪ್ಪಳ ಹೊರಗೆ ಬಂತು.

ಹೊರಬಂದಾಗ ಸಿದ್ದರಾಯನ ಕೈ ವಕೀಲರ ಹೆಗಲ ಮೇಲಿತ್ತು. ಟಿಕೆಟ್ಟು ಅಳಿಯನಿಗೆ. ಅಧ್ಯಕ್ಷಗಿರಿ ಇನ್ನು ಮೂರು ವರ್ಷ ವಕೀಲರಿಗೆ. ಗೋವಿಂದನಿಗೆ ಮುಂದಿನ ಸಲ. ಮತ್ತು ಪಕ್ಷಕ್ಕೆ ಕಳಂಕ ತಂದ ಕಾರ್ಯದರ್ಶಿ ಶಮಶುದ್ದೀನನನ್ನು ತೆಗೆದುಹಾಕುವ ಠರಾವು.

ವಾದವಿಲ್ಲ, ಕುರ್ಚಿಯ ಜಗಳವಿಲ್ಲ! ಆರು ವರ್ಷದಲ್ಲಿ ಈ ಸಮಿತಿ ಒಂದೇ ಮಾತಿಗೆ ಬಂದದ್ದು ಇದೇ ಮೊದಲು. ಸಹಿ ಹಾಕಿರಿ ಅಂತ ನಿರೀಕ್ಷಕರು ಪುಸ್ತಕ ತಿರುಗಿಸಿದರು. ಪುಟ ೧೧೪. ಖಾಲಿ. ಠರಾವನ್ನು ಆಮೇಲೆ ಬರೆಯುತ್ತಾರಂತೆ, ಅವರಿಗೆ ಮೋಟಾರಿಗೆ ಹೊತ್ತಾಗಿತ್ತು. ನನ್ನ ತಪ್ಪೊಪ್ಪಿಗೆಯ ಬೆನ್ನಿಗೇ ಇರುವ ಪುಟದಲ್ಲಿ ಹದಿನಾಲ್ಕು ಜನ ಒಬ್ಬರ ಹಿಂದೊಬ್ಬರು ಬಗ್ಗಿ ಸಹಿ ಮಾಡಿದರು. ಒಬ್ಬನಾದರೂ ಮೇಲೆ ನೋಡಬಾರದೆ!

ರೇವವ್ವನ ಸರದಿ ಬಂತು. ಲೇಖನಿ ತೆಗೆದುಕೊಳ್ಳಲಿಲ್ಲ.

"ಬರೀರಿ ಮೊದಲ. ಬರದು ಓದ್ರಿ. ಆಮ್ಯಾಲ ನೋಡೂಣು."

"ಮೋಟಾರು ತಪ್ಪತೈತಿ ರೇವಕ್ಕ" ಅಂದ ಸಿದ್ದರಾಯ.

"ತಪ್ಪಲಿ. ನಡಕೊಂತ ಹೋಗ್ತೇನಿ."

ಯಾರೂ ಬರೆಯಲಿಲ್ಲ. ಪುಸ್ತಕ ಮುಚ್ಚಿದರು. ಹದಿನಾಲ್ಕು ಸಾಕಂತೆ.

೨೮ ಮಾರ್ಚ್, ಸೋಮವಾರ

ಯುಗಾದಿ. ಕಚೇರಿಗೆ ರಜೆ. ಇಂದು ಚಂದ್ರ ಕಂಡರೆ ನಾಳೆ ಹಬ್ಬ ನಮಗೂ. ಬೆಳಿಗ್ಗೆ ಬಂದೇನವಾಜ ಬಂದು ಪಕ್ಷದ ಶಿಕ್ಕೆ-ಮೊಹರು ತೆಗೆದುಕೊಂಡು ಹೋದ. ಕಾರ್ಯದರ್ಶಿ ಇನ್ನು ಅವನೇ. ಪಾವತಿ ಬರೆಸಿಕೊಂಡೆ. ಈ ಸಲ ಓದಿ ರುಜು ಹಾಕಿದ.

ನಿನ್ನೆ ಮನೆಗೆ ಬಂದು ಖರೀದಿಪತ್ರದ ಕರಡು ಬರೆಸುತ್ತೇವೆಂದಿದ್ದ ಇಬ್ಬರೂ ಬರಲಿಲ್ಲ. ಸುದ್ದಿ ಬೇಗ ಹರಡುತ್ತದೆ.

ಹತ್ತಕ್ಕೆ ರೇವವ್ವ ಮನೆಗೇ ಬಂದರು. ಒಂದು ಕೈಯಲ್ಲಿ ಬೇವು-ಬೆಲ್ಲ. ಜೋಹರಾಬಿ ಸಂಜೆಗೆ ಮುಚ್ಚಿಟ್ಟಳು. ಇನ್ನೊಂದು ಕೈಯಲ್ಲಿ ಬೋರ್ಡಿನ ಉಮೇದುವಾರಿಕೆ ಅರ್ಜಿ. ನಾಡಿದ್ದು ಕೊನೆಯ ದಿನ. ಪಕ್ಷದ ಹೆಸರು ಬರೆಯುವ ಜಾಗವನ್ನು ಬೆರಳಿಂದ ಮುಚ್ಚಿ ಹಿಡಿದರು. "ಇದನ್ನ ಬಿಟ್ಟು ಉಳದದ್ದೆಲ್ಲಾ ತುಂಬ್ರಿ."

ಜಗಲಿಯಲ್ಲಿ ಕೂತು ತುಂಬಿದೆ. ಈಗ ಬಂದೇನವಾಜನ ಕೈಗೆ ಹೋದ ಠರಾವಿನ ಪುಸ್ತಕದಲ್ಲಿ ಇವರ ಬಗ್ಗೆ ಏನಿದೆಯೋ, ಜನ ಏನು ನಂಬುತ್ತಾರೋ, ಗೊತ್ತಿಲ್ಲ. ಸಹಿಗೆ ಲೇಖನಿ ಕೊಡಲು ಹೋದೆ. ಕೈ ಚಾಚಲಿಲ್ಲ. ಓದಬೇಕು. ಮೇಲಿನಿಂದ. ಶುರುಮಾಡಿದೆ.

'ನಾನು, ಗೋಲಗೇರಿಯ ರೇವವ್ವ—'

"ತಡೀರಿ" ಅಂದರು. ನನ್ನ ಬೆರಳು ಹಿಡಿದು ಮೊದಲ ಅಕ್ಷರದ ಮೇಲೆ ಇಟ್ಟರು. "ಇದು ಯಾವದು?"

"ನಾ."

"ಇದು?"