ಬಂದೆ, ಇನ್ನು ನೀನು ಹೋಗು

ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ಮುನ್ನೂರ ಎಂಬತ್ತೊಂದು

ನನಗಿಂತ ಎಷ್ಟೋ ತಲೆಮಾರು ಹಿಂದಿರುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ತಿದ್ದಿ ಬರೆಯಲು ಪುರಸೊತ್ತಿಲ್ಲ. ನಾನು ಗದಗಿನ ನೀಲಗಂಗವ್ವ. ನನ್ನ ಮಗಳು ಶಿವಲೀಲಾ ಒಂದು ಪದದೊಳಗೆ ಸಿಕ್ಕಿಬಿದ್ದಿದ್ದಾಳೆ. ನಿಮಗೂ ಗೊತ್ತಿರುವ ಪದ ಅದು: ಬದಲಿ.

ನಿಮ್ಮ ಕಾಲದಲ್ಲಿ ಮೇಷ್ಟ್ರು ರಜೆ ಹಾಕಿದರೆ ಬದಲಿ ಮೇಷ್ಟ್ರು, ಡ್ರೈವರ್‌ಗೆ ಜ್ವರ ಬಂದರೆ ಬದಲಿ ಡ್ರೈವರ್ ಬರುತ್ತಿದ್ದರಂತೆ. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆಮೇಲೆ ಜನ ಸರತಿ ಸಾಲಿಗೆ ಬದಲಿ ಕಳಿಸಿದರು, ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂರಲು ಕಳಿಸಿದರು, ಸತ್ತವರ ಮಣ್ಣಿಗೂ ಕಳಿಸಿದರು. ಈಗ ಬದಲಿ ಎಂದರೆ ಆ ಮನುಷ್ಯನೇ ಎಂದು ಕಾನೂನು. ಹೋದ ಮನೆಯಲ್ಲಿ ಬದಲಿಯನ್ನು ಕಳಿಸಿದವರ ಹೆಸರಿನಿಂದಲೇ ಕರೆಯುತ್ತಾರೆ, ಅವರಿಗೆ ಬರಬೇಕಾದ ಬೈಗುಳವನ್ನೂ ಇವರಿಗೇ ಕೊಡುತ್ತಾರೆ. ಬೀಗರ ಊಟಕ್ಕೆ ಮಾತ್ರ ಎಲ್ಲರೂ ಖುದ್ದಾಗಿ ಹೋಗುತ್ತಾರೆ. ಬದಲಿಗೆ ಬಿಡುಗಡೆ ಆಗುವುದು ಒಂದೇ ರೀತಿಯಲ್ಲಿ. ಕಳಿಸಿದವರು ತಾವೇ ಬಂದು, ಭುಜ ಮುಟ್ಟಿ, "ಬಂದೆ, ಇನ್ನು ನೀನು ಹೋಗು" ಎನ್ನಬೇಕು.

ನಮ್ಮ ಓಣಿಯ ಇಂದುಮತಿಬಾಯಿ ಒಳ್ಳೆಯವರು. ಅವರಿಗೆ ಅಲೆಗಟ್ಟೆಯ ಪಾಳಿ ಬಂತು. ಅಲೆಗಟ್ಟೆ ಎಂದರೆ ಏರಿದ ಸಮುದ್ರವನ್ನು ತಡೆಯಲು ನಾವು ಕಟ್ಟಿರುವ ಗೋಡೆ. ಅದರ ಬಿರುಕು ಮೆತ್ತಲು ಪ್ರತಿಯೊಬ್ಬರೂ ಒಂದು ಮಳೆಗಾಲ ಅಲ್ಲಿರಬೇಕು. ಬಾಯಿಯವರ ಮೊಣಕಾಲು ಊದಿತ್ತು. "ಬಾವು ಇಳಿದ ಕೂಡ್ಲೆ ಬರ್ತೇನವಾ" ಎಂದರು. ತನಗೆ ಅಕ್ಷರ ಕಲಿಸಿದವರೆಂದು ಮಗಳು ಅವರ ಬದಲಿಯಾಗಿ ಕುಣಿಯುತ್ತಾ ಹೋದಳು. ನಾನೂ ಬೇಡ ಎನ್ನಲಿಲ್ಲ. ಮಳೆಗಾಲ ಕಳೆದ ಮೇಲೆ ಬಾವು ಇಳಿಯಿತು. ಬಾಯಿಯವರು ಚೀಲ ಕಟ್ಟಿ ಬಾಗಿಲ ಬಳಿ ಇಟ್ಟು, ಸ್ವಲ್ಪ ಮಲಗಿ ಏಳುತ್ತೇನೆ ಎಂದವರು ಏಳಲೇ ಇಲ್ಲ.

ಪಾಳಿ ಹಂಚುವ ಕಚೇರಿಗೆ ಓಡಿದೆ. ಅಲ್ಲಿನ ಗುಮಾಸ್ತ ಫಕೀರಪ್ಪ ತಲೆ ತಗ್ಗಿಸಿಕೊಂಡೇ ಹೇಳಿದ: "ಬಿಡಿಸಾಕ ಅವರ ಬರಬೇಕವ್ವಾ. ಸತ್ತವರು ಹೆಂಗ ಬರ್ತಾರ? ನಿನ್ನ ಮಗಳು ಇನ್ನ ಅಲ್ಲೇ." ಎಷ್ಟು ದಿನ ಎಂದು ಕೇಳಿದೆ. ಕಾನೂನಿನಲ್ಲಿ ಅದಕ್ಕೆ ಲೆಕ್ಕವೇ ಇಲ್ಲ. ಕಳಿಸಿದವರು ಸತ್ತರೆ ಬದಲಿಗಳು ಅಲ್ಲೇ ಮುದುಕರಾಗುತ್ತಾರೆ. ನಾನು ಅವನ ಮೇಜು ಬಿಟ್ಟು ಕದಲಲಿಲ್ಲ. ಆಗ ಅವನು ಕಿಟಕಿಯ ಕಡೆ ಮುಖ ತಿರುಗಿಸಿ, "ಸತ್ತ ಸುದ್ದಿ ಒಯ್ಯೋ ದೋಣಿ ನಾಡಿದ್ದು ಹೋಗತೈತಿ. ನಾ ಏನೂ ಹೇಳಿಲ್ಲ ನೋಡು" ಎಂದ.

ಅದಕ್ಕೇ ಈ ಅವಸರ. ಕಟ್ಟೆಯ ಕಾವಲಿನವರು ಬಾಯಿಯವರ ಮುಖ ನೋಡಿದವರಲ್ಲ. ನಾನು ಅವರ ಸೀರೆ ಉಟ್ಟಿದ್ದೇನೆ, ಅವರ ಚೀಲ ಹಿಡಿದಿದ್ದೇನೆ. ನಾಳೆ ಇಂದುಮತಿಬಾಯಿಯಾಗಿ ಹೋಗಿ ಮಗಳ ಭುಜ ಮುಟ್ಟುತ್ತೇನೆ. ಬಿಡುಗಡೆಯಾದ ಬದಲಿಯನ್ನು ಮತ್ತೆ ಕರೆಯುವ ನಿಯಮ ಇಲ್ಲ. ಆಮೇಲೆ ಸುದ್ದಿ ತಲುಪಿ ನನ್ನನ್ನು ಹಿಡಿದರೆ ಹಿಡಿಯಲಿ. ನನ್ನನ್ನು ಬಿಡಿಸಲು ಬರಬೇಕಾದವರು ಮಣ್ಣಿನಲ್ಲಿದ್ದಾರೆ, ಅದು ಗೊತ್ತಿದ್ದೇ ಹೊರಟಿದ್ದೇನೆ.

ನಿಮ್ಮನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ನೀವು ಇರಬೇಕಾದ ಜಾಗದಲ್ಲಿ ಇವತ್ತು ಯಾರನ್ನಾದರೂ ಕೂರಿಸಿ ಬಂದಿದ್ದರೆ, ಈ ಕಾಗದ ಕೆಳಗಿಟ್ಟು ಎದ್ದು ಹೋಗಿ. ಕಾಲು ನೋಯುತ್ತಿದ್ದರೂ ಹೋಗಿ.

ನನಗೆ ಸಮುದ್ರದ ಭಯವಿಲ್ಲ, ಕಾವಲಿನವರ ಭಯವೂ ಇಲ್ಲ. ಭಯ ಇರುವುದು ಮಗಳದ್ದೇ. ಮಳೆಗಾಲವೆಲ್ಲ ಒಬ್ಬಳೇ ಇದ್ದವಳು. ನನ್ನನ್ನು ಕಂಡ ಕೂಡಲೇ ಅವಳು ಕಾವಲಿನವರ ಎದುರೇ ಅವ್ವಾ ಎಂದುಬಿಟ್ಟರೆ?