ಬೆಳ್ಳಿಗಣ್ಣಿ ಯಾವ ಬೆಡಗಿನವಳು

ಮಾರ್ಚ್ 3, ಮಂಗಳವಾರ

ವಿಡಿಯೋ ಹಾಲಿನ ಬೆಂಚು ಒರೆಸಿದೆ. ಎಷ್ಟು ಒರೆಸಿದರೂ ಮೀನಿನ ಹುರುಪೆ ಹೋಗುವುದಿಲ್ಲ. ದೋಣಿಯಿಂದ ಇಳಿದವರು ನೇರ ಬಂದು ಕೂರುತ್ತಾರೆ. ಕೈಕಾಲು ತೊಳೆದು ಬನ್ನಿ ಎಂದು ಗದರುವ ಧೈರ್ಯ ಅಣ್ಣನಿಗಿತ್ತು, ನನಗಿಲ್ಲ.

ಮಧ್ಯಾಹ್ನದ ಆಟಕ್ಕೆ ಮುಂದಿನ ಬೆಂಚುಗಳು ಮಾತ್ರ ತುಂಬಿದವು. ಹೊಡೆದಾಟದ ಸಿನಿಮಾ ಹಾಕಿದ್ದೆ. ಹೊಡೆದಾಟದಲ್ಲಿ ಮಾತು ಕಡಿಮೆ, ಅದಕ್ಕೇ. ಮೈಕ್ ಹಿಡಿಯುವುದೆಂದರೆ ಈಗಲೂ ಹೆದರಿಕೆ. ಟೀವಿಯಲ್ಲಿ ಅವರು ಇಂಗ್ಲಿಷಿನಲ್ಲಿ ಏನೋ ಅನ್ನುತ್ತಾರೆ, ನಾನು ಪಕ್ಕದಲ್ಲಿ ಕೂತು ಅದನ್ನು ನಮ್ಮ ಮಾತಿನಲ್ಲಿ ಹೇಳಬೇಕು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಲುತಾಯಾ ಅಣ್ಣನೂ ಹೆಚ್ಚೇನು ಓದಿದವನಲ್ಲ, ಆದರೆ ಚಿಕ್ಕಂದಿನಲ್ಲಿ ಎಂಟೆಬ್ಬೆಯ ಹೋಟೆಲಿನಲ್ಲಿ ಕೆಲಸ ಮಾಡಿ ಹೇಗೋ ಇಂಗ್ಲಿಷ್ ಹತ್ತಿಸಿಕೊಂಡಿದ್ದ. ಅವನು ಹೇಳುತ್ತಿದ್ದರೆ ಟೀವಿಯವರೇ ಅವನ ಮಾತಿಗೆ ತುಟಿ ಆಡಿಸಿದಂತೆ ಇರುತ್ತಿತ್ತು.

ಕ್ರಿಸ್‌ಮಸ್‌ಗೆ ಮುಂಚೆ ಆಸ್ಪತ್ರೆಯಲ್ಲಿ ಅಣ್ಣನ ಗಂಟಲು ಕೊಯ್ದರು. ಜೀವ ಉಳಿಯಿತು, ದನಿ ಹೋಯಿತು. ರಿಮೋಟ್ ಒತ್ತುತ್ತಿದ್ದವಳ ಕೈಗೆ ಮೈಕ್ ಬಂತು.

ಇವತ್ತು ರಾಕ್ಷಸ ಬಂದಾಗ ದನಿ ಇಳಿಸಿ ಗದರಿದೆ. ಹಿಂದಿನಿಂದ ದೋಣಿಯವನು ಕಟೋಂಗೋಲೆ ಕೂಗಿದ — "ಏನವ್ವಾ ಪೆಪ್ಪೆ, ಆ ರಾಕ್ಷಸ ನನ್ನ ಅತ್ತೆ ಹಂಗೇ ಮಾತಾಡ್ತಾನಲ್ಲ! ಕೊಲ್ತಾನೋ, ಇಲ್ಲಾ ಗಂಜಿ ಕುಡ್ಸಿ ಮಲಗಿಸ್ತಾನೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಊಟ ಬಿಟ್ಟು ಮಲಗಿದೆ.

ಮಾರ್ಚ್ 5, ಗುರುವಾರ

ಕಂಪಾಲಾದಿಂದ ಡಿಸ್ಕು ಬಂತು. "ನಕ್ಷತ್ರದ ದೋಣಿ"ಯ ಹೊಸ ಭಾಗ. ಕವರಿನ ಮೇಲೆ ಬೆಳ್ಳಿಗಣ್ಣಿ! ಪಕ್ಕದಲ್ಲಿ ನೀಲಿ ಮುದುಕ. ಇಬ್ಬರೂ ವಾಪಸ್ಸು.

ಹಿಂದೆ ಒಂದೇ ಒಂದು ಎಪಿಸೋಡಿಗೆ ಬಂದುಹೋಗಿದ್ದರು. ಆಕಾಶದಲ್ಲಿ ದೋಣಿ ಕೆಟ್ಟು ನಿಂತಿದ್ದ ಅಪ್ಪ-ಮಗಳನ್ನು ಕ್ಯಾಪ್ಟನ್ ಕಿಸೊಲೊ ಕಾಪಾಡುತ್ತಾನೆ. ಅವಳ ಮೇಲೆ ಅವನಿಗೆ ಜೀವ, ಅವಳಿಗೂ ಹಾಗೇ. ಕೊನೆಗೆ ಅವಳ ಕೈ ಬಿಡಿಸಿಕೊಂಡು ಹೊರಟುಬಿಡುತ್ತಾನೆ. ಯಾಕೆ ಬಿಟ್ಟ ಅನ್ನುವುದನ್ನು ಅಣ್ಣ ಹೇಳಿದ್ದ — ವಂಶ ಎಣಿಸಿ ನೋಡಿದರೆ ಇಬ್ಬರೂ ನೀರುನಾಯಿ ಬೆಡಗಿನವರು. ಒಂದೇ ಬೆಡಗು, ಒಂದೇ ಕುಲ ಅಂದರೆ ಅಣ್ಣ-ತಂಗಿ. ಮುಗಿಯಿತು. ಅವತ್ತು ಇಡೀ ಹಾಲ್ ಅತ್ತಿತ್ತು. ಬಲೆ ಎಳೆಯುವ ಗಂಡಸರು ಅಂಗಿಯಲ್ಲಿ ಮೂಗು ಒರೆಸಿಕೊಂಡರು. ನಂತೇಜಾ ಅಜ್ಜಿ ಈಗಲೂ ಸಣ್ಣ ಮೀನು ಒಣಹಾಕುತ್ತಾ ಆ ಕಥೆ ಹೇಳುತ್ತಾಳೆ, ತನ್ನ ನೆಂಟರದ್ದೇ ಎಂಬಂತೆ.

ಕವರ್ ನೋಡಿದ ಕಟೋಂಗೋಲೆ ದಡವಿಡೀ ಸಾರಿಬಿಟ್ಟ. ಶನಿವಾರ ಮಧ್ಯಾಹ್ನ ಆಟ. "ನೋಡು ಪೆಪ್ಪೆ, ಇದನ್ನೂ ಕೆಡಿಸಿದ್ರೆ ನಾವೆಲ್ಲ ಮೇಲಿನ ರಸ್ತೆ ಹಾಲ್‌ಗೆ ಹೋಗ್ತೀವಿ. ಅಲ್ಲಿ ಗಂಡಸು ಮಾತಾಡ್ತಾನೆ."

ತಮಾಷೆಗೆ ಅಂದದ್ದಲ್ಲ. ಇವರು ಹೋದರೆ ಬಾಗಿಲು ಹಾಕಬೇಕು. ಅಣ್ಣನ ಹಾಲ್ ನನ್ನ ಬಾಯಿಂದ ಮುಚ್ಚಿತು ಅಂತ ಆಗುತ್ತದೆ.

ಮಾರ್ಚ್ 6, ಶುಕ್ರವಾರ, ಬೆಳಿಗ್ಗೆ

ಅಣ್ಣನ ಜೊತೆ ಕೂತು ಡಿಸ್ಕು ನೋಡಿದೆ. ಬೇಡವಾಗಿತ್ತು.

ಮದುವೆ.

ಬೆಳ್ಳಿಗಣ್ಣಿಗೂ ಕ್ಯಾಪ್ಟನ್ನಿಗೂ. ದೋಣಿಯ ಜನರೆಲ್ಲ ಸಾಲಾಗಿ ನಿಂತಿದ್ದಾರೆ, ನೀಲಿ ಮುದುಕನೇ ಕೈ ಸೇರಿಸುತ್ತಾನೆ, ಕೊನೆಗೆ ಮುತ್ತು. ಸಣ್ಣ ಮುತ್ತೂ ಅಲ್ಲ!

ನೀರುನಾಯಿ, ನೀರುನಾಯಿ. ಈ ದಡದಲ್ಲಿ ಅದನ್ನು ತೋರಿಸುವುದೇ? ಬೆಂಚು ಮುರಿಯುತ್ತಾರೆ. ಅಣ್ಣನಿಗೆ ಅಂದೆ — "ಅವತ್ತು ತಪ್ಪು ಹೇಳಿದ್ವಿ ಅಂತ ಅಂದ್‌ಬಿಡ್ಲಾ?" ಅವನು ನನ್ನ ಮುಖ ನೋಡಿದ. ಆಮೇಲೆ ಹೆಗಲು ಕುಣಿಸಿ ನಗಲು ಶುರುಮಾಡಿದ. ಸದ್ದಿಲ್ಲದ ನಗು, ಕಣ್ಣಲ್ಲಿ ನೀರು. ಕೋಪವೋ ಅಂತ ಮೊದಲು ಹೆದರಿದೆ. ನಗುವೇ.

ನನಗೆ ನಗು ಬರಲಿಲ್ಲ. ತಪ್ಪು ಅಂದರೆ ಅಣ್ಣನ ಹೆಸರು ಹೋಗುತ್ತದೆ. ಅವನ ಹತ್ತಿರ ಉಳಿದಿರುವುದೇ ಅದು. ಸುಮ್ಮನಿದ್ದರೆ ಹಾಲ್ ಹೋಗುತ್ತದೆ. ಕನಸು ಅಂತ ಹೇಳಿದರೆ? ಕ್ಯಾಪ್ಟನ್ ಮಲಗಿದ್ದಾನೆ, ಕನಸು ಕಾಣುತ್ತಿದ್ದಾನೆ... ಆದರೆ ಆಮೇಲೆ ಏಳುವುದೇ ಇಲ್ಲವಲ್ಲ. ಕಥೆ ಅಲ್ಲೇ ಮುಗಿಯುತ್ತದೆ.

ಮಾರ್ಚ್ 7, ಶನಿವಾರ, ಮಧ್ಯಾಹ್ನ

ಕರೆಂಟು ಹೋಗಲಿ ಅಂತ ಬೇಡಿಕೊಂಡೆ. ಇದೆ. ಯಾವತ್ತೂ ಇರದ ಕರೆಂಟು.

ಅದೇ ದಿನ, ಸಂಜೆ

ಬರೆದುಬಿಡುತ್ತೇನೆ.

ಹಾಲ್ ತುಂಬಿತ್ತು. ಬಾಗಿಲಲ್ಲೂ ಜನ. ಹೆಂಗಸರೂ ಬಂದಿದ್ದರು, ನಂತೇಜಾ ಅಜ್ಜಿ ಮುಂದಿನ ಬೆಂಚಿನಲ್ಲಿ ಬುಟ್ಟಿ ಸಮೇತ. ಅಣ್ಣ ಗೋಡೆಗೆ ಒರಗಿ ನಿಂತಿದ್ದ. ಅರ್ಧದವರೆಗೂ ಚೆನ್ನಾಗಿಯೇ ಹೋಯಿತು. ಬೆಳ್ಳಿಗಣ್ಣಿ ಬಾಗಿಲಲ್ಲಿ ಕಾಣಿಸಿದ ಕೂಡಲೇ ಬೆಂಚು ಬಡಿದರು. "ಬಂದ್ಯಾ ನಮ್ಮವ್ವಾ!" ಅಂದಳು ಅಜ್ಜಿ. ಸಾಯುತ್ತಿರುವ ಮುದಿ ಸೇನಾಪತಿಯ ಕೊನೆಯ ಮಾತನ್ನು ನಾನು ಹೇಳುವಾಗ ಯಾರೂ ಕೆಮ್ಮಲಿಲ್ಲ.

ಆಮೇಲೆ ಸಾಲಾಗಿ ನಿಂತ ಜನ. ಇಬ್ಬರ ಹೆಗಲ ಮೇಲೂ ಕಂದು ಬಣ್ಣದ ಬಟ್ಟೆ. ನೀಲಿ ಮುದುಕ ಕ್ಯಾಪ್ಟನ್ ಕೈಗೆ ಉದ್ದ ಕೋಲು ಕೊಟ್ಟ, ಅವಳ ಕೈಗೆ ಬಟ್ಟಲು. ಕನಸು ಎನ್ನಲು ಬಾಯಿ ತೆರೆದೆ. ಆ ಕಂದು ಬಟ್ಟೆ ನೋಡುತ್ತಾ ನೋಡುತ್ತಾ ಬೇರೆಯೇ ಮಾತು ಬಂತು.

"ಸೇನಾಪತಿ ಸತ್ತ. ಈಗ ಅವನ ಜಾಗಕ್ಕೆ ಯಾರು? ನಮ್ಮ ಕಿಸೊಲೊ. ವಾರಸುದಾರನನ್ನ ಒಬ್ಬನೇ ನಿಲ್ಲಿಸ್ತಾರಾ? ಇಲ್ಲ. ಪಕ್ಕದಲ್ಲಿ ಅವನ ತಂಗಿ ನಿಲ್ಬೇಕು, ಲುಬುಗಾ. ಅದಕ್ಕೇ ಅಲ್ವಾ ಬೆಳ್ಳಿಗಣ್ಣಿ ಅಷ್ಟು ದೂರದಿಂದ ಬಂದಿರೋದು!"

ಹಾ... ಎಂದರು ಎಲ್ಲರೂ. ಉತ್ತರಕ್ರಿಯೆಯ ದಿನ ಕಂದು ತೊಗಟೆಬಟ್ಟೆ ಹೊದ್ದು ಅಣ್ಣ-ತಂಗಿ ನಿಲ್ಲುವುದನ್ನು ನೋಡದವರು ಯಾರಿದ್ದಾರೆ ಇಲ್ಲಿ? ಅವನಿಗೆ ಈಟಿಯಂಥ ಕೋಲು, ಅವಳಿಗೆ ಬಟ್ಟಲು, ಎಲ್ಲ ಸರಿಯಾಗಿದೆ. ಒಬ್ಬ ಹೆಂಗಸು ಕೇಕೆ ಹಾಕಿದಳು. ಮೈ ಹಗುರಾಯಿತು ನನಗೆ. ಎಷ್ಟು ಹಗುರಾಯಿತು ಅಂದರೆ, ಮುಂದೆ ಏನಿದೆ ಎನ್ನುವುದೇ ಮರೆತುಹೋಯಿತು.

ಮುತ್ತು.

ಎಷ್ಟು ಹೊತ್ತಿನ ಮುತ್ತು ಅದು! ರಿಮೋಟ್ ಕೈಯಲ್ಲೇ ಇದೆ, ಒತ್ತಿ ಮುಂದೆ ಓಡಿಸುವುದು ತೋಚಲಿಲ್ಲ. ಹಿಂದಿನಿಂದ ಕಟೋಂಗೋಲೆ — "ಪೆಪ್ಪೆ... ಲುಬುಗಾಗೆ ಯಾರಾದ್ರೂ ಹಿಂಗೆ ಮುತ್ತು ಕೊಡ್ತಾರೇನೇ?"

ಏನಾದರೂ ಅನ್ನಬೇಕಿತ್ತು. ಮೈಕ್‌ನಲ್ಲಿ, ನನ್ನದೇ ಗಂಟಲಲ್ಲಿ, ಬಂದದ್ದು ಇಷ್ಟೇ — "ನಂಗೂ ಗೊತ್ತಿಲ್ಲ ಕಣ್ರಪ್ಪಾ!"

ಮೊದಲು ಒಬ್ಬ ನಕ್ಕ. ಆಮೇಲೆ ಹಾಲ್ ಒಡೆದುಹೋಯಿತು. ಕೆಲವರು ಬೆಂಚಿನ ಮೇಲೆ ನಿಂತು ಛೀ ಥೂ ಎಂದರು. "ಮದುವೆನಪ್ಪಾ ಅದು, ಕಣ್ಣಿಲ್ವಾ?" "ಮದುವೆ ಹೆಂಗಾಗತ್ತೆ, ಒಂದೇ ಬೆಡಗು!" "ಮುಚ್ಚೋ ಬಾಯಿ, ನಿಮ್ಮಪ್ಪನ್ ಕೇಳು!" ಅಜ್ಜಿ ಬುಟ್ಟಿ ಎತ್ತಿಕೊಂಡು ಎದ್ದಳು. "ಆ ನೀಲಿ ಮುದುಕ ತನ್ನ ವಂಶ ಹೇಳೋ ತನಕ ನಾನಂತೂ ಇದನ್ನ ಒಪ್ಪಲ್ಲ," ಎಂದು ಹೊರಟುಹೋದಳು. ಕೊನೆಯ ಹೆಸರುಗಳು ಟೀವಿಯಲ್ಲಿ ಓಡಿದವು. ಒಬ್ಬರೂ ನೋಡಲಿಲ್ಲ.

ಗಲಾಟೆಯಲ್ಲಿ ಅಣ್ಣ ಎಲ್ಲಿ ಹೋದ ಅಂತಲೂ ಕಾಣಲಿಲ್ಲ. ಎಲ್ಲ ಮುಗಿಯಿತು.

ಮಾರ್ಚ್ 8, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಜ್ವರ ಎಂದೆ. ಹಾಲ್ ತೆಗೆಯಲಿಲ್ಲ.

ಮಾರ್ಚ್ 11, ಬುಧವಾರ

ಉಪ್ಪು ತೀರಿತ್ತು, ಹೋಗಲೇಬೇಕಾಯಿತು. ತಲೆಗೆ ಬಟ್ಟೆ ಸುತ್ತಿಕೊಂಡು ಹಿಂದಿನ ಓಣಿಯಲ್ಲಿ ಹೋದೆ. ಚಪಾತಿ ಮಾಡುವವನು ಕಾವಲಿ ಬಿಟ್ಟು ಓಡಿಬಂದ. ಬೈಯುತ್ತಾನೆ ಅಂದುಕೊಂಡೆ.

"ಪೆಪ್ಪಕ್ಕಾ, ಒಂದ್ ನಿಮಿಷ. ಅವನು ಅವಳಪ್ಪನೇ ಅಲ್ಲ. ಬಣ್ಣ ನೋಡು. ಅಪ್ಪ ನೀಲಿ, ಮಗಳು ಬಿಳಿ, ಹೆಂಗೆ?"

ಮೊಟ್ಟೆ ಒಡೆಯುತ್ತಿದ್ದ ಅವನ ಹೆಂಡತಿ ಅಲ್ಲಿಂದಲೇ — "ನಿನ್ ಮಗ ನಿನ್ ಬಣ್ಣನಾ? ಸುಮ್ನಿರು!"

ಎಂಜಿನ್ ರಿಪೇರಿಯವನ ಪ್ರಕಾರ ಕ್ಯಾಪ್ಟನ್ ಹೇಡಿ. ಮದುವೆಗೆ ಹೆದರಿ ಅವತ್ತು ಬೆಡಗಿನ ನೆಪ ಹೇಳಿದ, ಈಗ ಸಿಕ್ಕಿಬಿದ್ದ. ಬಲೆ ಹೆಣೆಯುವ ಹೆಂಗಸರು ಎರಡು ಗುಂಪಾಗಿದ್ದಾರೆ. ಲುಬುಗಾ ಗುಂಪು, ಮದುವೆ ಗುಂಪು. ನಡುವೆ ಒಂದು ಬಲೆ ಹಾಗೇ ಬಿದ್ದಿದೆ. ಒಬ್ಬಳು ಕೇಳಿದಳು — "ಅಷ್ಟು ದೂರ ಆಕಾಶದಲ್ಲಿ ಬೆಡಗು ಲೆಕ್ಕಕ್ಕೆ ಬರತ್ತಾ ಅಕ್ಕಾ?" ಉಳಿದವರೆಲ್ಲ ಒಟ್ಟಿಗೆ ಅವಳ ಮೇಲೆ ಬಿದ್ದರು. ಬಾರದೆ? ದೂರ ಹೋದರೆ ಅಪ್ಪ ಬದಲಾಗುತ್ತಾನಾ?

ಯಾರೂ ನನ್ನನ್ನು ಬೈಯಲಿಲ್ಲ. ಹಾಲ್ ಯಾಕೆ ಮುಚ್ಚಿದೆ ಎಂದು ಬೈದರು.

ನಂಬಲು ಹೆದರಿಕೆ. ನಕ್ಕು ಮುಗಿದ ಮೇಲೆ ಜನಕ್ಕೆ ಸಿಟ್ಟು ಬರುವುದುಂಟು. ಕಟೋಂಗೋಲೆ ಇನ್ನೂ ಕಣ್ಣಿಗೆ ಬಿದ್ದಿಲ್ಲ. ಅವನು ಹೋದ ಕಡೆಗೇ ಉಳಿದವರೂ ಹೋಗುವುದು.

ಮಾರ್ಚ್ 13, ಶುಕ್ರವಾರ

ಬಂದ. ಕಟೋಂಗೋಲೆ, ಇನ್ನಿಬ್ಬರು ದೋಣಿಯವರ ಜೊತೆ, ನೇರ ಮನೆಗೇ. ಕೈಯಲ್ಲಿ ಅಣ್ಣನಿಗೆ ಅಂತ ಒಂದು ಮೀನು. ನನ್ನ ಕಡೆ ನೋಡಲಿಲ್ಲ. ಅಣ್ಣನ ಮುಂದೆ ಕುಕ್ಕುರುಗಾಲಲ್ಲಿ ಕೂತ.

"ಲುತಾಯಾ ಅಣ್ಣಾ, ನಾವು ಬೇರೆ ಯಾರನ್ನೂ ನಂಬಲ್ಲ. ಇಬ್ರೂ ನೀರುನಾಯಿ ಅಂದಿದ್ದು ನೀನು. ಹೌದೋ ಅಲ್ವೋ ಹೇಳ್ಬಿಡು. ತಲೆ ಆಡಿಸಿದ್ರೆ ಸಾಕು."

ಬಾಗಿಲು ಹಿಡಿದುಕೊಂಡೆ. ಹೌದು ಎಂದರೆ ಆ ಮುತ್ತಿಗೆ ನಾನು ಉತ್ತರ ಕೊಡಬೇಕು. ಅಲ್ಲ ಎಂದರೆ ಅಣ್ಣ ಸುಳ್ಳುಗಾರ.

ಅಣ್ಣ ಗಂಜಿಯ ಬಟ್ಟಲು ಕೆಳಗಿಟ್ಟ. ಬಾಯಿ ಒರೆಸಿಕೊಂಡ. ತಲೆ ಆಡಿಸಲಿಲ್ಲ. ಕೈ ಎತ್ತಿ ನನ್ನ ಕಡೆ ತೋರಿಸಿದ.

"ಅವಳ್ನ ಕೇಳು ಅಂತೀಯಾ?"

ಹೌದು ಅಂತ ತಲೆ ಆಡಿಸಿದ. ಎರಡು ಸಲ.

ಕಟೋಂಗೋಲೆ ಎದ್ದು ನನ್ನ ಕಡೆ ತಿರುಗಿದ. ಮುಖದಲ್ಲಿ ಕುಚೋದ್ಯವಿಲ್ಲ, ಅದೇ ಹೆಚ್ಚು ಹೆದರಿಕೆ. "ಹಂಗಾದ್ರೆ ನಾಳೆ ಅದೇ ಡಿಸ್ಕು ಇನ್ನೊಂದ್ಸಲ ಹಾಕು. ಎಲ್ರೂ ಬರ್ತೀವಿ. ಮುದುಕನ ಬಾಯಲ್ಲಿ ವಂಶ ಹೇಳಿಸು, ಹುಡುಗಿ ಕೇಳೋಕೆ ಹೋದಾಗ ಹೇಳಿಸ್ತಾರಲ್ಲ, ಹಂಗೆ. ಅಪ್ಪ, ಅಜ್ಜ, ಮುತ್ತಜ್ಜ, ಎಲ್ಲಾ. ಸುಳ್ಳು ಹೇಳಿದ್ರೆ ಗೊತ್ತಾಗತ್ತೆ ನಂಗೆ."

"ಆ ನೀಲಿ ಮುದುಕನ ಮುತ್ತಜ್ಜ ನಿಂಗೆ ಹೆಂಗೆ ಗೊತ್ತಾಗ್ತಾನೆ?"

"ಗೊತ್ತಾಗತ್ತೆ ಅಂದ್ನಲ್ಲ!"

ಅವರು ಹೋದ ಮೇಲೆ ಅಣ್ಣನ ಪಕ್ಕ ಕೂತೆ. ಕೇಳಿಬಿಟ್ಟೆ. "ಅವತ್ತು ಅವರು ಇಂಗ್ಲಿಷಲ್ಲಿ ನಿಜವಾಗ್ಲೂ ಏನಂದ್ರು ಅಣ್ಣಾ? ಯಾಕೆ ಬಿಟ್ಟುಹೋದ ಅವಳ್ನ?"

ಎರಡು ಬೆರಳು ನೆಲದ ಮೇಲೆ ನಡೆಸಿದ, ಒಬ್ಬ ಗಂಡಸು ತಲೆ ತಗ್ಗಿಸಿ ಹೋಗುವ ಹಾಗೆ. ಆಮೇಲೆ ಎರಡೂ ಅಂಗೈ ಮೇಲೆ ಮಾಡಿ ಅಗಲಿಸಿದ. ಹುಬ್ಬು ಏರಿಸಿದ.

ಗೊತ್ತಿಲ್ಲ.

ಅವನಿಗೂ ಗೊತ್ತಿರಲಿಲ್ಲ! ಇಷ್ಟು ವರ್ಷ ಪಕ್ಕದಲ್ಲಿ ಕೂತು ರಿಮೋಟ್ ಒತ್ತಿದೆ. ಇವನಿಗೆ ಎಲ್ಲ ತಿಳಿಯುತ್ತದೆ, ನನಗೆ ಏನೂ ತಿಳಿಯುವುದಿಲ್ಲ ಅಂತ ಎಷ್ಟು ರಾತ್ರಿ ನಿದ್ದೆಗೆಟ್ಟೆ. ಅವಳನ್ನು ಬಿಟ್ಟುಹೋಗಲು ಕ್ಯಾಪ್ಟನ್ನಿಗೊಂದು ಮರ್ಯಾದೆಯ ಕಾರಣ ಬೇಕಿತ್ತು, ಅಣ್ಣ ಕೊಟ್ಟ. ಅಷ್ಟೇ.

ಮೀನು ಚೆನ್ನಾಗಿತ್ತು. ಎರಡು ತುಂಡು ತಿಂದೆ.

ಮಾರ್ಚ್ 14, ಶನಿವಾರ, ಮಧ್ಯಾಹ್ನ

ಬೆಳಿಗ್ಗೆಯಿಂದ ಮನೆಗೆ ಜನ. ಮೊದಲು ನಂತೇಜಾ ಅಜ್ಜಿ, ಒಣಮೀನಿನ ಪೊಟ್ಟಣ ಹಿಡಿದು. "ಮುದುಕ ಅವಳಿಗೆ ಸೋದರಮಾವ ಅಂತ ಮಾಡು ಮಗಳೇ, ಯಾರಿಗೂ ಅವಮಾನ ಆಗಲ್ಲ. ಅಪ್ಪನ ಕಡೆಯಿಂದ ಅವಳನ್ನ ನಮ್ಮ ಅಣಬೆ ಬೆಡಗಿಗೆ ಹಾಕು. ಹುಡುಗಿ ಲಕ್ಷಣವಾಗಿದಾಳೆ." ಅವಳು ಗೇಟು ದಾಟುವುದರೊಳಗೆ ಚಪಾತಿಯವನು. ಅವನದು ಕುರಿ ಬೆಡಗು. ಆಮೇಲೆ ಕಟೋಂಗೋಲೆ. ನೀರಿನ ಕೊಡ ಎತ್ತಿಕೊಡುವ ನೆಪದಲ್ಲಿ ಬಂದು, ಆಚೀಚೆ ನೋಡಿ, ಮೆಲ್ಲಗೆ — "ನಮ್ಮ ಆನೆ ಬೆಡಗಲ್ಲಿ ಹೆಣ್ಣುಮಕ್ಕಳು ಕಮ್ಮಿ ಕಣೇ ಪೆಪ್ಪೆ..."

ನಿನ್ನೆ ಸುಳ್ಳು ಹಿಡಿಯುತ್ತೇನೆ ಎಂದವನು ಇವನೇ!

ಯಾರಿಗೆ ಕೊಟ್ಟರೂ ಉಳಿದವರಿಗೆ ಸಿಟ್ಟು. ಇದೊಂದು ಹೊಸ ಚಿಂತೆ. ಆದರೆ ಬೆಳಗಿನ ಗಂಜಿ ಪೂರ್ತಿ ಕುಡಿದೆ. ಒಲೆ ಮುಂದೆ ಮುದುಕನ ದನಿ ತೆಗೆದು ನೋಡಿದೆ. ಗದರುವುದಕ್ಕೆ ಹೋಗಲಿಲ್ಲ, ನನ್ನ ದನಿಯನ್ನೇ ಸ್ವಲ್ಪ ನಿಧಾನ ಮಾಡಿದೆ, ವಯಸ್ಸಾದವರು ಒಂದೊಂದೇ ಹೆಸರು ನೆನಪಿಸಿಕೊಂಡು ಹೇಳುತ್ತಾರಲ್ಲ, ಹಾಗೆ. ಅಣ್ಣ ಒಳಗಿನಿಂದ ಬಂದು ಮಣೆ ಬಡಿದ. ಬೆಂಚು ಬಡಿಯುವ ಹಾಗೆ.

ಈಗ ಅಣ್ಣ ಹಾಲ್ ಬಾಗಿಲಲ್ಲಿ ನಿಂತು ಬಾ ಬಾ ಅಂತ ಕೈ ಬೀಸುತ್ತಿದ್ದಾನೆ. ಮುಂದಿನ ಬೆಂಚಿನಲ್ಲಿ ತನಗೂ ಜಾಗ ಹಿಡಿದಿದ್ದಾನೆ, ಟೋಪಿ ಇಟ್ಟು. ಒಳಗೆ ಈಗಲೇ ಜಗಳ ಶುರುವಾಗಿದೆ, ಇಲ್ಲಿಗೇ ಕೇಳಿಸುತ್ತದೆ. ಬೆಡಗು ಇನ್ನೂ ಗೊತ್ತುಮಾಡಿಲ್ಲ ನಾನು. ಮೈಕ್ ಹಿಡಿದ ಮೇಲೆ ಬರುತ್ತದೆ. ಮೊದಲು ಮುದುಕನ ಮುತ್ತಜ್ಜನಿಂದ ಶುರುಮಾಡುತ್ತೇನೆ, ಅವನ ಹೆಸರು —